ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಕೇಳದವರಾರು? ಅಕ್ಕನ ಬೆನ್ನು ಹಿಡಿದು ಬಯಲಿಗೆ ಬಂದ ಪುಟ್ಟ ತಂಗಿಯನ್ನು ಮನೆಗೆ ಅಟ್ಟಲೂ ಮನಸ್ಸು ಬಾರದೆ, ದೊಡ್ಡವರ ಸಮಕ್ಕೆ ಆಡಿಸಲೂ ಆಗದೆ, ಮಕ್ಕಳು ತಾವಾಗಿಯೇ ಕಂಡುಕೊಂಡ ಉಪಾಯವಿದು. ಆ ಮಗು ಎಲ್ಲರೊಡನೆ ಓಡಬಹುದು, ಕೂಗಬಹುದು, ಅಡಗಿಕೊಳ್ಳಬಹುದು. ಆದರೆ ಅದು ಸಿಕ್ಕಿಬಿದ್ದರೂ ಸೋಲಿಲ್ಲ, ಮುಟ್ಟಿ ಬಂದರೂ ಗೆಲುವಿಲ್ಲ. ಇದರಲ್ಲಿ ಕನಿಕರವೂ ಉಂಟು, ಜಾಣತನವೂ ಉಂಟು. ಏಕೆಂದರೆ ಇದು ಒಂದೆರಡು ವರ್ಷದ ಮಾತು. ತಂಗಿ ಬೆಳೆಯುತ್ತಲೇ ಲೆಕ್ಕಕ್ಕೆ ಸೇರುತ್ತಾಳೆ. ಆದರೆ ಎಷ್ಟು ಬೆಳೆದರೂ ಲೆಕ್ಕಕ್ಕೆ ಸೇರದ ಮಕ್ಕಳು ನಮ್ಮಲ್ಲಿ ಕೆಲವರಿದ್ದಾರೆ. ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾರದವರು, ಗ್ರಹಿಕೆ ನಿಧಾನವಾದವರು, ಇವರೇ ಅವರು. ಇವರ ಆಟಪಾಠಗಳನ್ನು ಕುರಿತು ನಮಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಆಟವೆಂದರೆ ಪಾಠದಿಂದ ಮಿಕ್ಕ ಹೊತ್ತನ್ನು ಕಳೆಯುವ ಬಗೆಯೆಂದು ಎಣಿಸುವವರು ಇಂದಿಗೂ ಇಲ್ಲದಿಲ್ಲ. ಅವರು ಒಂದು ದಿನ ಯಾವುದಾದರೂ ತೆಂಗಿನ ತೋಟದ ಅಂಚಿನಲ್ಲಿ ನಿಂತು ಲಗೋರಿಯಾಡುವ ಮಕ್ಕಳನ್ನು ನೋಡಬೇಕು. ಸರದಿಗಾಗಿ ಕಾಯುವುದು, ಎಲ್ಲರೂ ಒಪ್ಪಿದ ನಿಯಮಕ್ಕೆ ತಾನೂ ತಲೆಬಾಗುವುದು, ಜಗಳವಾಡಿ ರಾಜಿಯಾಗುವುದು, ಇಂದು ಸೋತು ನಾಳೆ ಮತ್ತೆ ಬರುವುದು, ಇವುಗಳಲ್ಲಿ ಒಂದನ್ನಾದರೂ ಕರಿಹಲಗೆಯ ಮೇಲೆ ಬರೆದು ಕಲಿಸಬಲ್ಲ ಉಪಾಧ್ಯಾಯರುಂಟೆ? ಈ ಪಾಠ ದೊರೆಯುವುದು ಬಯಲಿನಲ್ಲಿ ಮಾತ್ರ. ಬಯಲಿನಿಂದ ಹೊರಗುಳಿದ ಮಗು ಆಟವೊಂದನ್ನೇ ಕಳೆದುಕೊಳ್ಳುವುದಲ್ಲ. ನಾಲ್ಕು ಜನರೊಡನೆ ಬಾಳುವ ಅಭ್ಯಾಸವನ್ನೇ ಕಳೆದುಕೊಳ್ಳುತ್ತದೆ. ಈ ಕಾರಣದಿಂದಲೇ ವಿಶ್ವಸಂಸ್ಥೆಯವರು 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಅದರ 31ನೆಯ ವಿಧಿಯಲ್ಲಿ ಆಟವನ್ನೂ ಒಂದು ಹಕ್ಕೆಂದು ಬರೆದರು. ನಮ್ಮ ದೇಶವು 1992ರಲ್ಲಿ ಆ ಒಡಂಬಡಿಕೆಗೆ ಸೇರಿತು.

ಕಾನೂನಿನ ಕಡೆಯಿಂದ ಕೊರತೆಯಿದೆಯೆಂದು ಹೇಳಲು ಬರುವಂತಿಲ್ಲ. 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಗಳನ್ನು ಹೆಸರಿಸುತ್ತದೆ. ಆಟಿಸಂ ಉಳ್ಳ ಮಕ್ಕಳೂ, ಬುದ್ಧಿ ಚುರುಕಾಗಿದ್ದರೂ ಅಕ್ಷರಗಳ ಮುಂದೆ ತೊಡಕುವ ಮಕ್ಕಳೂ ಇದರೊಳಗೆ ಸೇರಿದ್ದಾರೆ. ಇದೇ ಕಾಯಿದೆಯ 16ನೆಯ ಪ್ರಕರಣವು, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಇತರರಿಗೆ ಸಮನಾಗಿ ಕ್ರೀಡೆಗೂ ವಿನೋದಕ್ಕೂ ಅವಕಾಶ ಕೊಡಬೇಕೆಂದು ಅದೇ ಉಸಿರಿನಲ್ಲಿ ವಿಧಿಸುತ್ತದೆ. ಶಾಲೆಗೆ ಸೇರಿಸುವುದೂ ಆಟಕ್ಕೆ ಸೇರಿಸುವುದೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಕರ್ತವ್ಯದ ಎರಡು ಮುಖಗಳು.

ಆದರೆ ಆಚರಣೆಯಲ್ಲಿ ನಡೆಯುತ್ತಿರುವುದೇನು? 2011ರ ಜನಗಣತಿಯಲ್ಲಿ ನಮ್ಮ ದೇಶದ ವಿಕಲಚೇತನರ ಸಂಖ್ಯೆ 2 ಕೋಟಿ 68 ಲಕ್ಷವೆಂದು ಕಂಡುಬಂದಿತು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿದ್ದರು. ದೇಶದ ವಿಕಲಚೇತನರಲ್ಲಿ 5ರಿಂದ 19 ವರ್ಷದೊಳಗಿನವರ ಪೈಕಿ ನೂರಕ್ಕೆ ಸುಮಾರು 61 ಮಂದಿ ಮಾತ್ರ ಶಾಲೆಗೋ ಕಾಲೇಜಿಗೋ ಹೋಗುತ್ತಿದ್ದರು. ಹಾಗೆ ಸೇರಿದ ಮಕ್ಕಳ ಗತಿಯಾದರೂ ಏನೆಂಬುದನ್ನು ಆಟದ ಗಂಟೆ ಬಾರಿಸಿದಾಗ ನೋಡಬೇಕು. ಎಲ್ಲರೂ ಬಯಲಿಗೆ ಓಡುತ್ತಾರೆ. ಒಬ್ಬಳು ಜಗಲಿಯ ಮೇಲೆ ಉಳಿಯುತ್ತಾಳೆ. ಗೆಳತಿಯರ ಚೀಲ, ಚಪ್ಪಲಿ, ನೀರಿನ ಸೀಸೆಗಳನ್ನು ಕಾಯುವ ಕೆಲಸ ಅವಳದು. ಕ್ರೀಡೋತ್ಸವದ ದಿನ ಅವಳು ಚಪ್ಪಾಳೆ ತಟ್ಟುವವಳು. ಅವಳನ್ನು ಯಾರೂ ಬಯ್ಯುವುದಿಲ್ಲ, ಹೀಯಾಳಿಸುವುದಿಲ್ಲ, ಪ್ರೀತಿಯಿಂದಲೇ ಕೂರಿಸಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರುಂಟು, ಪ್ರತಿದಿನವೂ ಕೂಗುತ್ತಾರೆ. ಆಕೆಯ ವಿಷಯದಲ್ಲಿ ಹಳೆಯ ಗಾದೆ ತಲೆಕೆಳಗಾಗಿದೆ: ಅವಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ತೀವ್ರವಾದ ವೈಕಲ್ಯವುಳ್ಳ ಮಕ್ಕಳ ಸಂಗತಿ ಇನ್ನೂ ಸೂಕ್ಷ್ಮವಾದುದು. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯ ಮೇರೆಗೆ ಅಂಥವರು ಮನೆಯಲ್ಲಿಯೇ ಶಿಕ್ಷಣ ಪಡೆಯಬಹುದು. ಹಾಸಿಗೆ ಬಿಟ್ಟೇಳಲಾರದ ಮಗುವಿನ ಬಳಿಗೆ ಗುರುವೇ ನಡೆದು ಹೋಗುವುದು ಪುಣ್ಯದ ಕೆಲಸವೇ ಸರಿ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಮನೆಗೆ ಪಾಠ ಬರಬಹುದು, ಸಹಪಾಠಿಗಳು ಬರುವುದಿಲ್ಲ. ಗೋಡೆ ನೋಡುತ್ತ ಅಕ್ಷರ ಕಲಿತ ಮಗುವಿಗೆ ಜೊತೆಯವರ ಹೆಸರೊಂದೂ ತಿಳಿಯದಿದ್ದರೆ ಆ ಶಿಕ್ಷಣ ಅರ್ಧವಾಗಿಯೇ ಉಳಿಯಿತು. ತಿಂಗಳಿಗೆ ಒಂದೆರಡು ದಿನವಾದರೂ ಆ ಮಗುವನ್ನು ಶಾಲೆಯ ಬಯಲಿಗೆ ಕರೆತರುವುದು, ಆಗದಿದ್ದಲ್ಲಿ ನಾಲ್ವರು ಸಹಪಾಠಿಗಳು ಒಂದು ಚೌಕಾಬಾರದ ಹಾಸನ್ನು ಹಿಡಿದುಕೊಂಡು ಆ ಮನೆಗೆ ಹೋಗುವುದು ಅಸಾಧ್ಯವಾದ ಕೆಲಸವೇನೂ ಅಲ್ಲ.

'ಈಗ ಅಂಥ ಮಕ್ಕಳೆಲ್ಲಿದ್ದಾರೆ? ಪೋಲಿಯೋ ಹೋಯಿತಲ್ಲ!' ಎನ್ನುವವರುಂಟು. ಪೋಲಿಯೋ ಹೋದುದು ನಿಜ. ನಮ್ಮ ದೇಶದ ಕೊನೆಯ ರೋಗಿ ಕಂಡುಬಂದುದು 2011ರ ಜನವರಿಯಲ್ಲಿ; 2014ರ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ವಲಯವನ್ನು ಪೋಲಿಯೋ ಮುಕ್ತವೆಂದು ಸಾರಿತು. ಮನೆಮನೆಗೆ ಹನಿ ಹಿಡಿದು ನಡೆದ ಕಾರ್ಯಕರ್ತೆಯರಿಗೆ ನಾಡು ಋಣಿಯಾಗಿರಬೇಕು. ಆದರೆ ಒಂದು ರೋಗ ಹೋದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಹೆರಿಗೆಯ ಸಮಯದಲ್ಲಿ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದ ಮಕ್ಕಳಿದ್ದಾರೆ. ಹುಟ್ಟಿನಿಂದಲೇ ಕಿವಿ ಕೇಳದವರಿದ್ದಾರೆ. ನೋಡಲು ಎಲ್ಲರಂತಿದ್ದು ಗದ್ದಲಕ್ಕೆ ಬೆದರಿ ಮೂಲೆ ಸೇರುವವರಿದ್ದಾರೆ. ವೈಕಲ್ಯವು ಹೊರಗೆ ಕಾಣದ ಮಾತ್ರಕ್ಕೆ ಇಲ್ಲವೆಂದು ಭಾವಿಸುವುದು ತರವಲ್ಲ.

ಈ ಮಕ್ಕಳನ್ನು ಆಟಕ್ಕೆ ಸೇರಿಸುವುದು ಹೇಗೆ? ಮೊದಲು ಆಟವೆಂಬುದರ ಸ್ವಭಾವವನ್ನೇ ಸ್ವಲ್ಪ ವಿಚಾರಮಾಡೋಣ. ಕುಂಟೆಬಿಲ್ಲೆಯನ್ನು ನೋಡಿ. ಎರಡು ಕಾಲೂ ಗಟ್ಟಿಯಾಗಿರುವ ಹುಡುಗಿ ಒಂದು ಕಾಲನ್ನು ಮಡಿಚಿಕೊಂಡು ನೆಗೆಯುತ್ತಾಳೆ. ಕಣ್ಣಾಮುಚ್ಚಾಲೆಯನ್ನು ನೋಡಿ. ಕಣ್ಣು ಚೆನ್ನಾಗಿ ಕಾಣುವವಳು ಕಣ್ಣು ಮುಚ್ಚಿಸಿಕೊಳ್ಳುತ್ತಾಳೆ. ಮೂಕಾಭಿನಯದ ಆಟದಲ್ಲಿ ಮಾತು ಬಲ್ಲವಳು ಬಾಯಿ ತೆರೆಯುವಂತಿಲ್ಲ. ಕಾಲನ್ನೋ ಕಣ್ಣನ್ನೋ ಮಾತನ್ನೋ ಬಿಟ್ಟುಕೊಟ್ಟು, ಉಳಿದುದರಿಂದ ಗೆಲ್ಲುವುದೇ ಈ ಆಟಗಳ ಸೊಗಸು. ಅಂದಮೇಲೆ ತೊಡಕೆಂಬುದು ಆಟಕ್ಕೆ ಶತ್ರುವಲ್ಲ. ಅದು ಆಟದ ಪ್ರಾಣ. ಆಟದ ನಿಯಮಗಳು ಆಕಾಶದಿಂದ ಇಳಿದುಬಂದವೂ ಅಲ್ಲ. ಮಕ್ಕಳು ದಿನವೂ ಬಯಲಿನಲ್ಲಿ ಅವುಗಳನ್ನು ತಿದ್ದುತ್ತಿರುತ್ತಾರೆ: ಈ ಕಡೆ ಮುಳ್ಳುಬೇಲಿಯಿದೆ, ಅಲ್ಲಿಗೆ ಚೆಂಡು ಹೋದರೆ ಎರಡೇ ಓಟ, ಇವತ್ತು ಜನ ಕಡಿಮೆ, ಒಬ್ಬಳು ಎರಡೂ ಕಡೆಗೆ ಆಡಲಿ. ಬೇಲಿಗಾಗಿ ನಿಯಮ ತಿದ್ದಬಲ್ಲವರು ಗೆಳತಿಗಾಗಿ ತಿದ್ದಲಾರರೆ? ಮಗುವನ್ನು ಆಟಕ್ಕೆ ಹೊಂದಿಸಲು ಆಗದಿದ್ದರೆ ಆಟವನ್ನು ಮಗುವಿಗೆ ಹೊಂದಿಸಬೇಕು. ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತು ಇಷ್ಟೆ.

ಇದು ಬರಿಯ ಮಾತಲ್ಲವೆಂಬುದಕ್ಕೆ ಅಂಧರ ಕ್ರಿಕೆಟ್ಟು ಸಾಕ್ಷಿ. 1922ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಈ ಆಟ ಆರಂಭವಾಯಿತು. ಇಂದು ಇದನ್ನು ಆಡುವ ಕ್ರಮ ಹೀಗಿದೆ: ಚೆಂಡಿನೊಳಗೆ ಲೋಹದ ಗುಂಡುಗಳನ್ನಿಟ್ಟಿರುತ್ತಾರೆ, ಉರುಳಿದಂತೆಲ್ಲ ಅದು ಸದ್ದು ಮಾಡುತ್ತದೆ. ಚೆಂಡನ್ನು ಕೈ ಕೆಳಗಿನಿಂದ ನೆಲಕ್ಕೆ ತಗಲುವಂತೆ ಎಸೆಯಬೇಕು. ಎಸೆಯುವ ಮೊದಲು ಎದುರಾಳಿಯನ್ನು ಸಿದ್ಧವೇ ಎಂದು ಕೇಳಬೇಕು. ಹನ್ನೊಂದು ಮಂದಿಯಲ್ಲಿ ಪೂರ್ಣ ಅಂಧರೂ ಅಲ್ಪಸ್ವಲ್ಪ ಕಾಣುವವರೂ ಬೆರೆತಿರಲೇಬೇಕು. ಪೂರ್ಣ ಅಂಧ ಆಟಗಾರ ಗಳಿಸಿದ ಓಟವನ್ನು ಎರಡರಷ್ಟಾಗಿ ಎಣಿಸುತ್ತಾರೆ. ಆತ ಒಂದು ಪುಟಿತದ ಮೇಲೆ ಚೆಂಡನ್ನು ಹಿಡಿದರೂ ಎದುರಾಳಿ ಔಟು. ಇಲ್ಲಿ ಯಾರನ್ನೂ ಲೆಕ್ಕದಿಂದ ಬಿಟ್ಟಿಲ್ಲ. ಲೆಕ್ಕ ಹಾಕುವ ಕ್ರಮವನ್ನೇ ನ್ಯಾಯವಾಗಿ ತಿದ್ದಿದ್ದಾರೆ. ಕನಿಕರಕ್ಕೂ ನ್ಯಾಯಕ್ಕೂ ಇರುವ ಅಂತರವಿದು.

ಈ ಆಟದ ಕೀರ್ತಿಯಲ್ಲಿ ಕನ್ನಡನಾಡಿಗೂ ಪಾಲುಂಟು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ–20 ವಿಶ್ವಕಪ್ಪನ್ನು ಭಾರತವು ಗೆದ್ದಾಗ ತಂಡದ ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 2025ರ ನವೆಂಬರಿನಲ್ಲಿ ಅಂಧ ಮಹಿಳೆಯರ ಮೊದಲ ಟಿ–20 ವಿಶ್ವಕಪ್ಪು ನಡೆದಾಗ ಭಾರತದ ಹೆಣ್ಣುಮಕ್ಕಳು ಕೊಲಂಬೊ ನಗರದಲ್ಲಿ ನೇಪಾಳವನ್ನು ಸೋಲಿಸಿ ಕಪ್ಪನ್ನು ತಂದರು. ಆ ತಂಡದ ನಾಯಕಿ ದೀಪಿಕಾ ಟಿ. ಸಿ. ಅವರು ಕರ್ನಾಟಕ–ಆಂಧ್ರ ಗಡಿಯ ಹಳ್ಳಿಯವರು. ಯೂರೋಪಿನಲ್ಲಿ 1946ರಲ್ಲಿ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಗೋಲ್‌ಬಾಲ್ ಎಂಬ ಆಟವನ್ನು ರೂಪಿಸಿದರು. ಅದರಲ್ಲಿ ಚೆಂಡಿನೊಳಗೆ ಗಂಟೆಗಳಿರುತ್ತವೆ. ಆಡುವವರೆಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ಸ್ವಲ್ಪ ಕಾಣುವವನಿಗೂ ಏನೂ ಕಾಣದವನಿಗೂ ಅಲ್ಲಿ ಭೇದವಿಲ್ಲ. ನಮ್ಮ ಕಣ್ಣಾಮುಚ್ಚಾಲೆಯ ಯುಕ್ತಿಯೇ ಅಲ್ಲಿ ದೇಶದೇಶಗಳ ಪಂದ್ಯವಾಗಿ ಬೆಳೆದಿದೆ.

ಸದ್ದು ಮಾಡುವ ಚೆಂಡಿನ ಮರ್ಮವನ್ನು ತೆಂಗಿನ ಸೀಮೆಯವರಾದ ನಮಗೆ ಪರದೇಶದವರು ಬಂದು ಬೋಧಿಸಬೇಕಾಗಿಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗಿನ ಕೊಬ್ಬರಿ ಚಿಪ್ಪನ್ನು ಬಿಟ್ಟು ಉರುಳುವ ಸದ್ದಿನಿಂದಲೇ ಅದು ತಿಪಟೂರಿನ ಮಾರುಕಟ್ಟೆಗೆ ಹೋಗಲು ಸಿದ್ಧವಾಯಿತೆಂದು ಹೇಳುವ ಹಿರಿಯರು ಚಿಕ್ಕನಾಯಕನಹಳ್ಳಿಯ ಮನೆಮನೆಯಲ್ಲಿಯೂ ಇದ್ದಾರೆ. ಚಿಪ್ಪನ್ನು ಒಡೆಯದೆ ಕಣ್ಣು ಕಾಣಲಾರದುದನ್ನು ಕಿವಿ ಹೇಳಿಬಿಡುತ್ತದೆ. ಈ ವಿದ್ಯೆಯನ್ನು ಆಟದ ಬಯಲಿಗೆ ತರುವುದಷ್ಟೇ ಉಳಿದಿರುವ ಕೆಲಸ.

ಇದಕ್ಕೆ ಹಣದ ಚಿಂತೆಯೂ ಬೇಕಿಲ್ಲ. ಚಿಂದಿ ಬಟ್ಟೆಯ ಚೆಂಡಿನ ನಡುವೆ ನಾಲ್ಕು ಗೆಜ್ಜೆಗಳನ್ನಿಟ್ಟು ಹೊಲಿದರೆ ಅಂಧ ಬಾಲಕಿಯ ಚೆಂಡು ಸಿದ್ಧವಾಯಿತು. ಎರಡು ಕರಟಗಳ ನಡುವೆ ಹುಣಸೆಬೀಜಗಳನ್ನಿಟ್ಟು ಅಂಟಿಸಿದರೆ ಗಿಲಕಿಯಾಯಿತು. ಓಟದ ಕೊನೆಯಲ್ಲಿ ಗೆಳತಿಯೊಬ್ಬಳು ಅದನ್ನು ಅಲ್ಲಾಡಿಸುತ್ತ ನಿಂತರೆ ಓಡುವವಳಿಗೆ ದಿಕ್ಕು ತಿಳಿಯುತ್ತದೆ. ಎರಡು ಮರಗಳ ನಡುವೆ ಸೊಂಟದೆತ್ತರಕ್ಕೆ ನಾರಿನ ಹಗ್ಗವನ್ನು ಬಿಗಿದು, ಅದಕ್ಕೆ ಬಿದಿರಿನ ಕೊಳವೆಯೊಂದನ್ನು ತೊಡಿಸಿದರೆ, ಕೊಳವೆಯನ್ನು ಹಿಡಿದು ಆಕೆ ಹೆದರಿಕೆಯಿಲ್ಲದೆ ಓಡಬಲ್ಲಳು. ಕಿವಿ ಕೇಳದವಳಿಗೆ ಸೀಟಿಗೆ ಬದಲಾಗಿ ಬಣ್ಣದ ಬಾವುಟವನ್ನೆತ್ತಿದರೆ ಸಾಕು. ಖೊಖೊ ಆಟದಲ್ಲಿ ಬೆನ್ನು ತಟ್ಟಿ 'ಖೋ' ಎನ್ನುವುದು ವಾಡಿಕೆ. ಅವಳು ಆಡುವಾಗ ತಟ್ಟುವುದೊಂದೇ ಸಾಕೆಂದು ಒಪ್ಪಿಕೊಂಡರೆ ಅವಳು ಯಾರಿಗೂ ಕಡಿಮೆಯಲ್ಲ. ನಡೆಯಲಾರದವಳು ಲಗೋರಿಯಲ್ಲಿ ಗುರಿಯಿಟ್ಟು ಎಸೆಯಲಿ, ಜೊತೆಗಾತಿ ಓಡಲಿ. ಇಬ್ಬರೂ ಸೇರಿ ಒಬ್ಬ ಆಟಗಾರ್ತಿಯೆಂದು ಎಣಿಸೋಣ. ಚಿಕ್ಕ ಮಕ್ಕಳಾದರೆ ಅಡಿಕೆಯ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟವನ್ನು ನಮ್ಮ ತೋಟಗಳಲ್ಲಿ ಹೇಗೂ ಆಡುತ್ತಾರೆ. ಕಾಲು ಬಾರದ ಮಗುವಿಗೆ ಅದೇ ರಥ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅಜ್ಜಿಯರ ಅಳಗುಳಿಮಣೆಯನ್ನು ನೆನೆಯಬೇಕು. ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ಐದರಂತೆ ಹಾಕಿದರೆ 70 ಹುಣಸೆಬೀಜ, ಇಷ್ಟೇ ಅದರ ಬಂಡವಾಳ. ಕಣ್ಣು ಕಾಣದವಳು ಬೆರಳಿನಿಂದ ಬೀಜವನ್ನೆಣಿಸುತ್ತಾಳೆ. ಕಿವಿ ಕೇಳದವಳಿಗೆ ಅಲ್ಲಿ ಮಾತು ಬೇಕಿಲ್ಲ. ಕಾಲಿಲ್ಲದವಳಿಗೆ ಕಾಲು ಬೇಕಿಲ್ಲ. ಗ್ರಹಿಕೆ ನಿಧಾನವಾದವಳು ಒಂದೊಂದು ಗುಳಿಗೆ ಒಂದೊಂದು ಬೀಜ ಬಿಡುತ್ತ ಎಣಿಕೆಯನ್ನೂ ಸರದಿಯನ್ನೂ ಕಲಿಯುತ್ತಾಳೆ. ಲೆಕ್ಕದಲ್ಲಿ ಮೊದಲನೆಯವಳು ಇವರೆದುರು ಕುಳಿತು ಸೋತು ಏಳುವುದೂ ಉಂಟು. ಕೂಡುವುದು, ಕಳೆಯುವುದು, ಭಾಗಿಸುವುದು ಎಲ್ಲವೂ ಆ ಮಣೆಯ ಮೇಲಿದೆ. ಪಾಠದ ಕೊಠಡಿಯಲ್ಲಿಯೂ ಇದೇ ದಾರಿ. ಭೂಪಟದ ಗೆರೆಗಳ ಮೇಲೆ ನಾರಿನ ಎಳೆಯನ್ನು ಅಂಟಿಸಿ ಕಾವೇರಿಯನ್ನು ಬೆರಳಿಗೆ ತೋರಿಸಿದರೆ ಅಂಧ ವಿದ್ಯಾರ್ಥಿನಿಗೆ ಮಾತ್ರವಲ್ಲ, ಕಣ್ಣುಳ್ಳವರಿಗೂ ನದಿಯ ದಾರಿ ಮರೆಯುವುದಿಲ್ಲ. ಒಂದು ಮಗುವಿಗಾಗಿ ಮಾಡಿದ ಅನುಕೂಲ ತರಗತಿಗೆಲ್ಲ ಬೆಳಕಾಗುತ್ತದೆ.

ವಿಶೇಷ ಶಾಲೆಗಳಿರುವಾಗ ಸಾಮಾನ್ಯ ಶಾಲೆಗೆ ಈ ಹೊರೆಯೇಕೆಂದು ಕೆಲವರು ಕೇಳಬಹುದು. ಆ ಶಾಲೆಗಳ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡರಿಗೂ ಅಂಧರಿಗೂ ಶಾಲೆ ತೆರೆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ನಾಡೆಲ್ಲ ಕೈಮುಗಿಯುವ ಗುರುಗಳಾದರು. ಬ್ರೈಲ್ ಲಿಪಿ, ಸಂಜ್ಞಾಭಾಷೆ ಮೊದಲಾದುವನ್ನು ಕಲಿಸಲು ಅಂಥ ಸ್ಥಳಗಳು ಇಂದಿಗೂ ಬೇಕು. ಆದರೆ ಪ್ರತಿಯೊಂದು ಮಗುವೂ ಗದಗಿಗೋ ಮೈಸೂರಿಗೋ ಹೋಗಿ ನೆಲಸಲಾರದು. ಹುಳಿಯಾರಿನ ಮಗು ಹುಳಿಯಾರಿನಲ್ಲಿಯೇ ಬಾಳಬೇಕಾದರೆ ಹುಳಿಯಾರಿನ ಮಕ್ಕಳೊಡನೆಯೇ ಆಡಿ ಬೆಳೆಯಬೇಕು. ಇಂದು ಜೊತೆಗೆ ಆಡಿದವರು ನಾಳೆ ನೆರೆಹೊರೆಯವರು, ಅಂಗಡಿಯವರು, ಪಂಚಾಯತಿಯ ಸದಸ್ಯರು ಆಗುವವರು. ಚಿಕ್ಕಂದಿನಲ್ಲಿ ಅವಳೊಡನೆ ಲಗೋರಿಯಾಡಿದವನು ದೊಡ್ಡವನಾಗಿ ಕಚೇರಿ ಕಟ್ಟಿಸುವಾಗ ಮೆಟ್ಟಿಲ ಪಕ್ಕದಲ್ಲಿ ಇಳಿಜಾರನ್ನು ಇಡಿಸಲು ಮರೆಯನು.

ಇನ್ನು ಉಪಾಧ್ಯಾಯಿನಿಯರ ಕಷ್ಟ. ನಲವತ್ತು ಮಕ್ಕಳ ನಡುವೆ ಒಬ್ಬರೇ ನಿಂತವರಿಗೆ ಇದೊಂದು ಹೊಸ ಭಾರವೆಂದು ತೋರುವುದು ಸಹಜ. ಮಗು ಬಿದ್ದು ಗಾಯಗೊಂಡರೆ ಹೊಣೆ ಯಾರದೆಂಬ ಭಯವೂ ಸುಳ್ಳಲ್ಲ. ಇದಕ್ಕೆ ನಮ್ಮ ಉತ್ತರವಿಷ್ಟು: ನಿಯಮ ತಿದ್ದುವ ಕೆಲಸವನ್ನು ಉಪಾಧ್ಯಾಯಿನಿಯರು ಒಬ್ಬರೇ ಹೊರಬೇಕಾಗಿಲ್ಲ. 'ಇವಳೂ ಆಡಬೇಕಾದರೆ ಏನು ಬದಲಿಸೋಣ?' ಎಂದು ಮಕ್ಕಳನ್ನೇ ಕೇಳಲಿ. ಮೊಟ್ಟಮೊದಲು ಆ ಮಗುವನ್ನೇ ಕೇಳಲಿ. ತನ್ನ ಮೈಯ ಬಲಾಬಲ ಅವಳಿಗೆ ತಿಳಿದಷ್ಟು ಬೇರಾರಿಗೂ ತಿಳಿಯದು. ವೈದ್ಯರು ಬೇಡವೆಂದುದನ್ನು ಮಾಡಿಸಬಾರದು. ಆದರೆ ವೈದ್ಯರನ್ನು ಕೇಳದೆಯೇ ಎಲ್ಲವೂ ಬೇಡವೆನ್ನಲೂ ಬಾರದು. ಮೊಣಕಾಲು ತರಚಿಕೊಳ್ಳುವುದು ಬಾಲ್ಯದ ಹಕ್ಕುಗಳಲ್ಲಿ ಒಂದು. ಗ್ರಹಿಕೆ ನಿಧಾನವಾದ ಮಗುವಾಗಲಿ, ಗದ್ದಲಕ್ಕೆ ಬೆದರುವ ಮಗುವಾಗಲಿ ಹಿಂಜರಿದರೆ ಬಲವಂತ ಕೂಡದು. ಇಬ್ಬರ ಆಟದಿಂದ ಮೊದಲುಮಾಡಿ, ಅದು ತಾನಾಗಿ ನಾಲ್ವರ ಆಟಕ್ಕೆ ಬರುವವರೆಗೆ ಕಾಯಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರು ಬಂದಾಗ ಅವರಿಂದ ಪಾಠದ ವಿಷಯವನ್ನು ಮಾತ್ರವಲ್ಲದೆ ಆಟದ ವಿಷಯವನ್ನೂ ಕೇಳಿ ತಿಳಿಯುವುದೊಳ್ಳೆಯದು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಮನೆಯಲ್ಲಿ ವಿಕಲಚೇತನ ಗಂಡುಮಗುವಿದ್ದರೆ ಅವನನ್ನು ಹೊತ್ತಾದರೂ ಹೊರಗೆ ಕರೆದೊಯ್ಯುವ ತಂದೆತಾಯಿಗಳು, ಹೆಣ್ಣುಮಗುವಾದರೆ ನಾಲ್ಕು ಜನರ ಕಣ್ಣಿಗೆ ಬೀಳದಂತೆ ಒಳಗಿರಿಸುವುದುಂಟು. ಅವರ ಮಮತೆಯನ್ನು ನಾವು ಸಂದೇಹಿಸುವುದಿಲ್ಲ. ಲೋಕದ ಮಾತಿಗೆ ಅವರು ಅಂಜುತ್ತಾರೆ. ಆದರೆ ಒಳಗಿರಿಸಿದ ಮಗುವಿಗೆ ಕತ್ತಲೆಯೊಂದೇ ಪರಿಚಯ. ಬೆಂಗಳೂರಿನ ಮಾಲತಿ ಹೊಳ್ಳ ಅವರು ಎಳವೆಯಲ್ಲಿಯೇ ಪೋಲಿಯೋಗೆ ತುತ್ತಾದರೂ ಗಾಲಿಕುರ್ಚಿಯಲ್ಲಿ ಕುಳಿತು ದೇಶವಿದೇಶಗಳಲ್ಲಿ ಸ್ಪರ್ಧಿಸಿದರು. ಅರ್ಜುನ ಪ್ರಶಸ್ತಿಯನ್ನೂ, 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ನೆರೆಯ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ ಬೆಳ್ಳಿಯ ಪದಕವನ್ನು ತಂದರು. ಆದರೆ ಪದಕ ತರುವ ಕೆಲವರಿಗಾಗಿ ಬಯಲನ್ನು ತೆರೆಯಬೇಕೆಂಬುದು ನಮ್ಮ ವಾದವಲ್ಲ. ಎಂದಿಗೂ ಪದಕ ಗೆಲ್ಲದ ಸಾವಿರಾರು ಸಾಮಾನ್ಯ ಮಕ್ಕಳು ನಿತ್ಯವೂ ಆಡುವುದಿಲ್ಲವೆ? ಅವರಂತೆಯೇ ಇವರೂ ಸುಮ್ಮನೆ, ಸಂತೋಷಕ್ಕಾಗಿ ಆಡಲಿ ಎಂಬುದಷ್ಟೇ ನಮ್ಮ ಕೋರಿಕೆ.

ಕಡೆಯದಾಗಿ ಶಾಲೆಯ ಆಡಳಿತದವರಲ್ಲಿಯೂ ಪೋಷಕರಲ್ಲಿಯೂ ನಮ್ಮ ಅರಿಕೆ ಮೂರೇ. ಬಾಗಿಲಿನಿಂದ ಬಯಲಿನವರೆಗೆ ಗಾಲಿಕುರ್ಚಿ ಉರುಳುವಂಥ, ಕೋಲೂರಿ ನಡೆಯುವವರು ಎಡವದಂಥ ಒಂದು ಸಮನಾದ ದಾರಿಯಾಗಲಿ. ಹೆಣ್ಣುಮಕ್ಕಳಿಗೆ ಅದೇ ದಾರಿಯಲ್ಲಿ ಉಪಯೋಗಿಸಬಲ್ಲ ಶೌಚಗೃಹವೂ ಇರಲಿ. ವಾರದ ಆಟದ ಅವಧಿಗಳಲ್ಲಿ ಒಂದನ್ನಾದರೂ ಎಲ್ಲರೂ ಕೂಡಿ ಆಡುವ ಆಟಕ್ಕೆ ಮೀಸಲಿಡಲಿ. ವಾರ್ಷಿಕ ಕ್ರೀಡೋತ್ಸವದಲ್ಲಿ ಇಂಥ ಮಕ್ಕಳಿಗೆ ಸಮಾಧಾನದ ಬಹುಮಾನವನ್ನು ಕೊಟ್ಟು ಕಳುಹಿಸದೆ, ಅವರೂ ಸೇರಿದ ತಂಡಗಳ ಪಂದ್ಯವನ್ನು ಏರ್ಪಡಿಸಿ, ಅದರ ಅಂಕಗಳನ್ನು ಉಳಿದ ಪಂದ್ಯಗಳ ಅಂಕಗಳೊಡನೆ ಒಂದೇ ಹಲಗೆಯ ಮೇಲೆ ಬರೆಯಲಿ. ಗೆದ್ದರೆ ಗೆದ್ದಳೆನ್ನಲಿ, ಸೋತರೆ ಸೋತಳೆನ್ನಲಿ. ಸೋಲುವ ಅಧಿಕಾರವಿಲ್ಲದವರಿಗೆ ಗೆಲುವಿನ ರುಚಿ ತಿಳಿಯುವುದೆಂತು?

ಹೆಸರುಗಳನ್ನು ನಾವು ಎಷ್ಟೋ ಸಲ ಬದಲಿಸಿದ್ದಾಯಿತು. ಅಂಗವಿಕಲರೆಂದೆವು, ವಿಕಲಚೇತನರೆಂದೆವು, ಈಗ ವಿಶೇಷಚೇತನರೆನ್ನುತ್ತೇವೆ. ಹೆಸರಿನಲ್ಲಿ ಗೌರವವಿರುವುದು ಒಳ್ಳೆಯದೇ. ಆದರೆ ಜಗಲಿಯ ಮೇಲೆ ಚೀಲ ಕಾಯುತ್ತ ಕುಳಿತವಳಿಗೆ ಬೇಕಾದುದು ಹೊಸ ಹೆಸರಲ್ಲ. 'ಬಾರೇ, ನಿನ್ನ ಸರದಿ' ಎಂಬ ಗೆಳತಿಯ ಒಂದು ಕೂಗು. ಆ ಕೂಗು ನಮ್ಮ ತಾಲ್ಲೂಕಿನ ಪ್ರತಿಯೊಂದು ಶಾಲೆಯ ಬಯಲಿನಲ್ಲಿಯೂ ಕೇಳಿಬರಲೆಂದು ಹಾರೈಸುತ್ತೇವೆ.